ಜಿಪ್ಪು, ಗುಂಡಿ, ಪರವಾನಗಿ: ಗುವಾಂಗ್‌ಝೌನಲ್ಲಿ ಹೊರಗಿನವರ ಬದುಕು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳ ನಡುವೆ ಬೆಳೆದವಳು ನಾನು. ನಮ್ಮ ಓಣಿಯಲ್ಲಿ ಹೊತ್ತು ಮೂಡುವ ಮೊದಲೇ ಮಷೀನುಗಳ ಸದ್ದು ಶುರುವಾಗುತ್ತಿತ್ತು. ಜಿಪ್ಪು, ರಿವೆಟ್ಟು, ತಾಮ್ರಬಣ್ಣದ ಗುಂಡಿ, ಸೊಂಟಪಟ್ಟಿಗೆ ಹಚ್ಚುವ ಲೇಬಲ್ಲು ತುಂಬಿದ ರಟ್ಟಿನ ಪೆಟ್ಟಿಗೆಗಳು ಲಾರಿಯಿಂದ ಇಳಿಯುತ್ತಿದ್ದವು. ಅವುಗಳ ಮೇಲೆ ಚೀನೀ ಅಕ್ಷರಗಳಿರುತ್ತಿದ್ದವು. ಆ ಪೆಟ್ಟಿಗೆಗಳಲ್ಲಿ ಬಹಳಷ್ಟು ಗುವಾಂಗ್‌ಝೌ ಎಂಬ ಊರಿನಿಂದ ಹೊರಡುತ್ತವೆ ಎಂದು ತಿಳಿದದ್ದು ಕಾಲೇಜು ಮುಗಿಸಿ ಗಾರ್ಮೆಂಟ್ ಕಂಪನಿಯೊಂದರ ಖರೀದಿ ವಿಭಾಗ ಸೇರಿದ ಮೇಲೆ. ಅದೇ ಕೆಲಸ ನನ್ನನ್ನು ಆ ಊರಿಗೆ ಕರೆದೊಯ್ದು, ಅಲ್ಲಿಯೇ ಮನೆ ಹಿಡಿಯುವಂತೆ ಮಾಡಿತು.

ಗುವಾಂಗ್‌ಝೌ ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ರಾಜಧಾನಿ. ಇಂಗ್ಲಿಷರು ಕ್ಯಾಂಟನ್ ಎಂದು ಕರೆದದ್ದು ಇದನ್ನೇ. 2020ರ ಜನಗಣತಿಯಲ್ಲಿ ಒಂದು ಕೋಟಿ 86 ಲಕ್ಷಕ್ಕೂ ಹೆಚ್ಚು ಜನ ಇಲ್ಲಿದ್ದರು, ಅವರಲ್ಲಿ ಅರ್ಧದಷ್ಟು ಮಂದಿ ಬೇರೆ ಊರುಗಳಿಂದ ಬಂದವರು. ಪರ್ಲ್ ನದಿ ಊರಿನ ನಡುವೆ ಹರಿಯುತ್ತದೆ. ನದಿಯ ದಕ್ಷಿಣಕ್ಕಿರುವ ಹೈಝು ಜಿಲ್ಲೆಯಲ್ಲಿ, ಸುನ್ ಯಾತ್‌ಸೆನ್ ವಿಶ್ವವಿದ್ಯಾಲಯದ ಎದುರಿಗೆ, ಝೋಂಗ್‌ಡಾ ಬಟ್ಟೆ ಮಾರುಕಟ್ಟೆ ಇದೆ. ಸಾವಿರಾರು ಅಂಗಡಿಗಳು. ಒಂದು ಕಟ್ಟಡದಲ್ಲಿ ಬರೀ ಲೇಸು, ಇನ್ನೊಂದರಲ್ಲಿ ಬರೀ ಗುಂಡಿ. ನೂರು ಬಗೆಯ ನೀಲಿ ಡೆನಿಮ್ಮಿನ ತುಂಡುಗಳನ್ನು ಕೊಕ್ಕೆಗೆ ನೇತುಹಾಕಿಕೊಂಡು ಕೂತ ಅಂಗಡಿಯವರು. ಊರಿನ ಪೂರ್ವಕ್ಕೆ, ಝೆಂಗ್‌ಚೆಂಗ್ ಜಿಲ್ಲೆಯ ಶಿನ್‌ಟಾಂಗ್ ಎಂಬ ಪಟ್ಟಣ ಪ್ರಪಂಚದ ಜೀನ್ಸ್ ರಾಜಧಾನಿ ಎಂದೇ ಹೆಸರು ಮಾಡಿದೆ. ಅಲ್ಲಿ ಬಣ್ಣದ ಕಾರ್ಖಾನೆಗಳ ನೀರು ಸೇರಿ ಹೊಳೆ ಕಪ್ಪಗೆ, ನೀಲಿಯಾಗಿ ಹರಿದ ಕಾಲವಿತ್ತು. ಆಮೇಲೆ ಬಹುಪಾಲು ಘಟಕಗಳನ್ನು ಮುಚ್ಚಿಸಿದರು, ಇಲ್ಲವೇ ಸ್ಥಳಾಂತರಿಸಿದರು. ಜೀನ್ಸ್ ತೊಳೆಯುವ ನೀರಿನ ಗತಿ ಏನೆಂದು ಬಳ್ಳಾರಿಯವಳಾದ ನನಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಹೊರದೇಶದವರು ಚೀನಾದ ಊರೊಂದರಲ್ಲಿ ಬದುಕುವುದು ಎಂದರೆ ಹೇಗಿರುತ್ತದೆ ಎಂದು ನಮ್ಮ ಊರಿನವರು ಕೇಳುತ್ತಾರೆ. ಅದು ಪೊಲೀಸ್ ಠಾಣೆಯಿಂದ ಶುರುವಾಗುತ್ತದೆ. ಹೋಟೆಲಿನಲ್ಲಿ ಇಳಿದರೆ ಹೋಟೆಲಿನವರೇ ನಿಮ್ಮ ಪಾಸ್‌ಪೋರ್ಟ್ ವಿವರವನ್ನು ಪೊಲೀಸರಿಗೆ ಕಳಿಸುತ್ತಾರೆ. ಮನೆಯಲ್ಲಿ ಉಳಿದರೆ, ಅದು ನಿಮ್ಮ ಬಾಡಿಗೆ ಮನೆಯಾಗಿರಲಿ, ಗೆಳತಿಯ ಮನೆಯಾಗಿರಲಿ, 24 ಗಂಟೆಯೊಳಗೆ ಬಡಾವಣೆಯ ಠಾಣೆಗೆ ಹೋಗಿ ನೋಂದಾಯಿಸಿಕೊಳ್ಳಬೇಕು. ದೇಶದಿಂದ ಹೊರಗೆ ಹೋಗಿ ಬಂದಾಗ ಮತ್ತೆ ಅದೇ ಕೆಲಸ. ಠಾಣೆ ಎಂದರೆ ನಮ್ಮವರ ಎದೆ ಝಲ್ ಎನ್ನುತ್ತದೆ, ಆದರೆ ಅಲ್ಲಿ ಅದು ಪಂಚಾಯಿತಿ ಕಚೇರಿಯಲ್ಲಿ ರಸೀದಿ ಪಡೆದಷ್ಟೇ ಸಲೀಸು. ನೌಕರಿಗೆ ಬಂದವರಿಗೆ ಇನ್ನೂ ಇದೆ: ಕೆಲಸದ ವೀಸಾದಲ್ಲಿ ಬಂದು, ವೈದ್ಯಕೀಯ ತಪಾಸಣೆ ಮಾಡಿಸಿಕೊಂಡು, 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. 2017ರಿಂದ ಹೊರದೇಶದ ನೌಕರರನ್ನು ಓದು, ಸಂಬಳ, ಅನುಭವ, ಚೀನೀ ಭಾಷೆಯ ಜ್ಞಾನಕ್ಕೆ ಅಂಕ ಹಾಕಿ ಎ, ಬಿ, ಸಿ ಎಂದು ಮೂರು ವರ್ಗ ಮಾಡಿದ್ದಾರೆ. ನಾನು ಬಿ.

ಈ ಕಾಗದಪತ್ರಗಳಲ್ಲಿ ಕನ್ನಡಿಗರನ್ನು ಹೆಚ್ಚು ಕಾಡುವುದು ಹೆಸರು. ಚೀನಾದವರ ಹೆಸರು ಸಾಮಾನ್ಯವಾಗಿ ಎರಡು ಮೂರು ಅಕ್ಷರದ್ದು, ಮನೆತನದ ಹೆಸರು ಮೊದಲು. ನನ್ನ ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಅಪ್ಪನ ಹೆಸರು, ನನ್ನ ಹೆಸರು ಸೇರಿ ಉದ್ದದ ಒಂದೇ ಸಾಲು, ಮನೆತನದ ಹೆಸರಿನ ಜಾಗ ಖಾಲಿ. ಕೆಲಸದ ಪರವಾನಗಿಯಲ್ಲಿ ಅದು ಒಂದು ಬಗೆಯಾಗಿ ಅಚ್ಚಾಯಿತು, ಬ್ಯಾಂಕಿನಲ್ಲಿ ನಡುವಿನ ಜಾಗಗಳೆಲ್ಲ ಕೂಡಿಕೊಂಡವು, ಸಿಮ್ ಕಾರ್ಡಿನವರು ಕೊನೆಯ ನಾಲ್ಕು ಅಕ್ಷರ ಕತ್ತರಿಸಿದರು. ದುಡ್ಡು ಪಾವತಿಸುವ ಆ್ಯಪ್ ಚಾಲೂ ಆಗಬೇಕಾದರೆ ಫೋನು, ಬ್ಯಾಂಕು, ಪಾಸ್‌ಪೋರ್ಟು ಮೂರರಲ್ಲೂ ಹೆಸರು ಅಕ್ಷರ ಅಕ್ಷರ ಹೊಂದಬೇಕು. ಹೊಂದುತ್ತಿರಲಿಲ್ಲ. ಬ್ಯಾಂಕಿನ ಕೌಂಟರಿನ ಹುಡುಗಿ ತನ್ನ ಊಟದ ಬಿಡುವಿನಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಎಲ್ಲ ಬಗೆಯ ಜೋಡಣೆಗಳನ್ನೂ ಒಂದೊಂದಾಗಿ ಒತ್ತಿ ನೋಡಿದಳು. ಕೊನೆಗೆ ಹಸಿರು ಗುರುತು ಬಂದಾಗ ನನಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳು. ಇಂಡೋನೇಷ್ಯಾದವರು, ಇಥಿಯೋಪಿಯಾದವರು, ಒಂದೇ ಹೆಸರಿನ ತಮಿಳರು, ಎಲ್ಲರದೂ ಇದೇ ಕಥೆ. ಪಾಸ್‌ಪೋರ್ಟ್ ಮಾಡಿಸಲು ಹೊರಟ ನಮ್ಮ ಹುಡುಗರಿಗೆ ಹೇಳುತ್ತೇನೆ: ಮನೆತನದ ಹೆಸರಿನ ಖಾನೆ ಖಾಲಿ ಬಿಡಬೇಡಿ, ಆಮೇಲೆ ಎಲ್ಲ ಕಡೆ ಒಂದೇ ತೆರನಾಗಿ ಬರೆಸಿ.

ಆ ಹಸಿರು ಗುರುತು ಯಾಕೆ ಅಷ್ಟು ಮುಖ್ಯವೆಂದರೆ, ಅದಿಲ್ಲದೆ ಒಂದು ಬಾಳೆಹಣ್ಣು ಕೊಳ್ಳುವುದೂ ಕಷ್ಟ. ತಳ್ಳುಗಾಡಿಯವನಿಂದ ಹಿಡಿದು ದೇವಸ್ಥಾನದ ಹುಂಡಿಯವರೆಗೆ ದುಡ್ಡು ಪಾವತಿಸುವ ಕ್ಯೂಆರ್ ಕೋಡಿನ ಚೌಕ ಅಂಟಿಸಿರುತ್ತಾರೆ. ನೋಟು ಕೊಟ್ಟರೆ ನಿರಾಕರಿಸುವಂತಿಲ್ಲ ಎಂದು ಕಾನೂನು ಹೇಳುತ್ತದೆ, ಆದರೆ ಚಿಲ್ಲರೆ ಇರುವುದಿಲ್ಲ. ನಾಲ್ಕು ದಿನದ ಪ್ರವಾಸಿಗರಿಗೆ ಮೊದಲು ಇದು ದೊಡ್ಡ ಗೋಡೆಯಾಗಿತ್ತು, ಯಾಕೆಂದರೆ ಚೀನಾದ ಬ್ಯಾಂಕಿನಲ್ಲಿ ಖಾತೆ ಇಲ್ಲದವರ ಪಾಡನ್ನು ಯಾರೂ ಯೋಚಿಸಿರಲಿಲ್ಲ. 2023ರ ನಂತರ ವೀಚಾಟ್, ಅಲಿಪೇ ಎಂಬ ಪಾವತಿ ಆ್ಯಪ್‌ಗಳೆರಡಕ್ಕೂ ಹೊರದೇಶದ ವೀಸಾ, ಮಾಸ್ಟರ್‌ಕಾರ್ಡ್ ಬ್ಯಾಂಕ್ ಕಾರ್ಡ್‌ಗಳನ್ನು ಜೋಡಿಸುವುದು ಸುಲಭವಾಗಿದೆ. ಹೊರದೇಶದವರಿಗೆ ಕೋಣೆ ಕೊಡುವುದಿಲ್ಲ ಎನ್ನುತ್ತಿದ್ದ ಸಣ್ಣ ಹೋಟೆಲುಗಳಿಗೂ, ಹಾಗೆ ತಿರುಗಿಸಿ ಕಳಿಸಬಾರದೆಂದು 2024ರಲ್ಲಿ ಸರ್ಕಾರದಿಂದ ಸೂಚನೆ ಬಂತು.

ಫೋನಿನ ಇನ್ನೊಂದು ಸಂಕಟ ಮಾತ್ರ ಇವತ್ತಿಗೂ ತೀರಿಲ್ಲ. ಚೀನಾದಲ್ಲಿ ವಾಟ್ಸ್ಆ್ಯಪ್ ಇಲ್ಲ, ಗೂಗಲ್ ಇಲ್ಲ, ಯೂಟ್ಯೂಬ್ ಇಲ್ಲ. ಅಲ್ಲಿ ಎಲ್ಲವೂ ವೀಚಾಟ್. ನಾನು ಹೋದ ಹೊಸದರಲ್ಲಿ ಅವ್ವನ ಫೋನಿಗೂ ವೀಚಾಟ್ ಹಾಕಿಸಿದ್ದೆ. ರಾತ್ರಿ ಎಂಟಕ್ಕೆ ಅವ್ವನ ಮುಖ ತೆರೆಯ ಮೇಲೆ ಬರುತ್ತಿತ್ತು. 2020ರ ಜೂನ್ 29ರಂದು, ಗಾಲ್ವಾನ್ ಕಣಿವೆಯ ಗಡಿ ಘರ್ಷಣೆಯ ಕಹಿಯ ನಡುವೆ, ಭಾರತ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು. ಅದರಲ್ಲಿ ವೀಚಾಟ್ ಕೂಡ ಇತ್ತು. ಅವ್ವನ ಬಳಿ ಇರುವುದು ನನ್ನ ಬಳಿ ನಡೆಯುವುದಿಲ್ಲ, ನನ್ನ ಬಳಿ ಇರುವುದು ಅವ್ವನ ಬಳಿ ನಡೆಯುವುದಿಲ್ಲ. ಅದೇ ಹೊತ್ತಿಗೆ ಎರಡು ದೇಶಗಳ ನಡುವಿನ ವಿಮಾನಗಳೂ ನಿಂತಿದ್ದವು. ಹಾಂಗ್‌ಕಾಂಗಿನ ಸಿಮ್ ಹಾಕಿಕೊಂಡರೆ ರೋಮಿಂಗಿನಲ್ಲಿ ಅಂತರ್ಜಾಲ ಹಾಂಗ್‌ಕಾಂಗ್ ಮೂಲಕ ಹಾದು ಬರುವುದರಿಂದ ವಾಟ್ಸ್ಆ್ಯಪ್ ತೆರೆಯುತ್ತದೆ. ಅದೊಂದೇ ಕಿಟಕಿ. "ಊಟ ಆತೇನವ್ವಾ? ಮುಖ ಯಾಕ ಬಾಡೈತಿ?" ಎಂದು ಅವ್ವ ಕೇಳಿದ್ದಕ್ಕೆ ಉತ್ತರ ಕೊಡುವಷ್ಟರಲ್ಲಿ ಡೇಟಾ ಮುಗಿದ ರಾತ್ರಿಗಳಿವೆ. ಎರಡು ಸರ್ಕಾರಗಳ ಜಗಳದಲ್ಲಿ ತಾಯಿ ಮಗಳ ಮಾತು ನಿಲ್ಲುವುದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ.

ಊಟದ ವಿಚಾರಕ್ಕೆ ಬಂದರೆ, ನಾನು ಸಸ್ಯಾಹಾರಿ. ಗುವಾಂಗ್‌ಝೌನವರು ಕಾಲಿರುವುದರಲ್ಲಿ ಮೇಜು ಬಿಟ್ಟು ಉಳಿದುದನ್ನೆಲ್ಲ ತಿನ್ನುತ್ತಾರೆ ಎಂಬ ಮಾತನ್ನು ಚೀನಾದ ಬೇರೆ ಪ್ರಾಂತ್ಯದವರೇ ಹೇಳುತ್ತಾರೆ. ಸೊಪ್ಪಿನ ಪಲ್ಯ ಎಂದು ತಂದಿಟ್ಟದ್ದರಲ್ಲಿ ಆಯ್ಸ್ಟರ್ ಸಾಸ್ ಇರುತ್ತದೆ, ಒಣ ಸೀಗಡಿಯ ಚೂರು ಇರುತ್ತದೆ, ಇಲ್ಲವೇ ಹಂದಿಯ ಕೊಬ್ಬಿನಲ್ಲಿ ಬಾಡಿಸಿರುತ್ತಾರೆ. ಹಾಗಂತ ಸಸ್ಯಾಹಾರ ಆ ಊರಿಗೆ ಹೊಸದೇನೂ ಅಲ್ಲ. ಚಾಂದ್ರಮಾನದ ಪಾಡ್ಯ ಮತ್ತು ಹುಣ್ಣಿಮೆಯ ದಿನ ಮಾಂಸ ಬಿಡುವ ಹಿರಿಯರು ಬಹಳ. ಬೌದ್ಧ ದೇವಾಲಯಗಳ ಆಸುಪಾಸಿನಲ್ಲಿ ಬರೀ ಸೊಪ್ಪು, ತೋಫು, ಅಣಬೆ, ಗೋಧಿಯ ಅಂಟಿನ ಅಡುಗೆ ಮಾಡುವ ಹೋಟೆಲುಗಳಿವೆ. "ನಾನು ಭಾರತದವಳು, ಬೌದ್ಧರು ತಿನ್ನುವಂಥದ್ದು ಕೊಡಿ" ಎಂದರೆ ಅಡುಗೆಯವನಿಗೆ ಎಲ್ಲ ಅರ್ಥವಾಗುತ್ತದೆ. ಬೆಳಗಿನ ತಿಂಡಿಗೆ ಚಾಂಗ್‌ಫೆನ್. ಅಕ್ಕಿ ನೆನೆಸಿ ರುಬ್ಬಿದ ತೆಳು ಹಿಟ್ಟನ್ನು ತಟ್ಟೆಗೆ ಹೊಯ್ದು ಹಬೆಯ ಪೆಟ್ಟಿಗೆಗೆ ತಳ್ಳುತ್ತಾರೆ, ನಿಮಿಷದಲ್ಲಿ ಎಳೆದು ಮಡಚಿ ಕತ್ತರಿಸಿ ಕೊಡುತ್ತಾರೆ. ಮಂಗಳೂರಿನ ನೀರುದೋಸೆಯನ್ನು ಕಾವಲಿ ಬಿಟ್ಟು ಹಬೆಯಲ್ಲಿ ಬೇಯಿಸಿದರೆ ಹೇಗಿರುತ್ತದೋ ಹಾಗೆ.

ಇನ್ನು ಯಂ ಚಾ, ಅಂದರೆ ಬೆಳಗಿನ ಚಹಾ ಕೂಟ. ಗುವಾಂಗ್‌ಝೌನ ಬದುಕು ಅರ್ಥವಾಗಬೇಕಾದರೆ ಭಾನುವಾರ ಬೆಳಿಗ್ಗೆ ಚಹಾ ಮನೆಯೊಂದರಲ್ಲಿ ಕೂರಬೇಕು. ಅಜ್ಜ, ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ದುಂಡು ಮೇಜಿನ ಸುತ್ತ ಗಂಟೆಗಟ್ಟಲೆ. ಬಿಸಿ ಚಹಾದಿಂದಲೇ ಮೊದಲು ಬಟ್ಟಲು, ಕಡ್ಡಿಗಳನ್ನು ತೊಳೆದುಕೊಳ್ಳುತ್ತಾರೆ. ಯಾರಾದರೂ ಚಹಾ ಬಗ್ಗಿಸಿದರೆ ಮಾತು ನಿಲ್ಲಿಸದೆ ಎರಡು ಬೆರಳಿನಿಂದ ಮೇಜು ತಟ್ಟಿ ವಂದಿಸುತ್ತಾರೆ. ಕಚೇರಿಯ ಹಿರಿಯರೊಬ್ಬರು ತಮ್ಮ ಮನೆಯವರ ಜೊತೆ ನನ್ನನ್ನು ಕರೆದೊಯ್ದಾಗ ಅವರ ತಾಯಿ ನನಗೆಂದು ಮೊದಲೇ ಫೋನು ಮಾಡಿ ಮೊಟ್ಟೆಯೂ ಇಲ್ಲದ ತಿನಿಸುಗಳನ್ನು ಹೇಳಿಟ್ಟಿದ್ದರು. ಅವರು ಆಡುವ ಕ್ಯಾಂಟನೀಸ್ ನನಗೆ ಬರುತ್ತಿರಲಿಲ್ಲ, ನಾನು ಕಲಿತ ಮ್ಯಾಂಡರಿನ್ ಆ ತಾಯಿಗೆ ಅಷ್ಟಕ್ಕಷ್ಟೆ. ಅವರು 1950ರ ದಶಕದಲ್ಲಿ ಚೀನಾದಲ್ಲೆಲ್ಲ ಓಡಿದ ರಾಜ್ ಕಪೂರರ 'ಆವಾರಾ' ಚಿತ್ರದ ಹಾಡಿನ ರಾಗವನ್ನು ಗುನುಗಿ ತೋರಿಸಿದರು. 2017ರಲ್ಲಿ 'ದಂಗಲ್' ಅಲ್ಲಿ ತೆರೆಕಂಡ ಮೇಲೆ ಟ್ಯಾಕ್ಸಿಯವರೂ ಅಮೀರ್ ಖಾನ್ ಹೆಸರು ಹೇಳತೊಡಗಿದರು. ಅದರ ಬೆನ್ನಿಗೆ ಇನ್ನೊಂದು ಪ್ರಶ್ನೆ ಬರುತ್ತಿತ್ತು: "ನಿಮ್ಮ ದೇಶದಲ್ಲಿ ಹೆಣ್ಣುಮಕ್ಕಳು ರಾತ್ರಿ ಹೊರಗೆ ಹೋಗಲಾಗುವುದಿಲ್ಲವಂತೆ, ಹೌದೇ?"

ಆ ಪ್ರಶ್ನೆಗೆ ಸುಳ್ಳು ಹೇಳಲು ನನ್ನಿಂದ ಆಗಿಲ್ಲ. ಗುವಾಂಗ್‌ಝೌನಲ್ಲಿ ರಾತ್ರಿ ಹನ್ನೊಂದಕ್ಕೆ ಸ್ಯಾಂಪಲ್ ಚೀಲ ಹೊತ್ತು ಮೆಟ್ರೊ ಇಳಿದು ಒಬ್ಬಳೇ ಮನೆಗೆ ನಡೆದಿದ್ದೇನೆ. ಯಾರೂ ಹಿಂಬಾಲಿಸಿಲ್ಲ, ಮೈಮೇಲೆ ಕಣ್ಣು ಹಾಯಿಸಿಲ್ಲ. ಅಲ್ಲಿ ನೆಲೆಸಿದ ಎಷ್ಟೋ ದೇಶಗಳ ಹೆಂಗಸರು ಮೊದಲು ಹೇಳುವ ಮಾತೂ ಇದೇ. ದಾರಿಯುದ್ದಕ್ಕೂ ಕ್ಯಾಮೆರಾಗಳಿವೆ ಎಂಬುದೂ ನಿಜ. ಅವು ನನ್ನನ್ನು ಕಾಯುತ್ತಿರುವಾಗಲೇ ನನ್ನ ಪ್ರತಿ ಹೆಜ್ಜೆಯನ್ನು ಬರೆದಿಡುತ್ತಿವೆ. ಈ ಎರಡರಲ್ಲಿ ಯಾವುದು ದೊಡ್ಡದು ಎಂದು ಗಂಡಸರು ವಾದ ಹೂಡಿದಾಗ, ಭಯವಿಲ್ಲದೆ ನಡೆದ ಆ ರಸ್ತೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸು ಬರುವುದಿಲ್ಲ.

ಈ ಊರಿಗೆ ಹೊರಗಿನವರು ಹೊಸಬರಲ್ಲ. ಅರಬ್ ವರ್ತಕರ ಕಾಲದ ಹುವಾಯ್‌ಶೆಂಗ್ ಮಸೀದಿಯ ದುಂಡು ಮಿನಾರು ಹಳೆಯ ಊರಿನಲ್ಲಿ ಇಂದಿಗೂ ನಿಂತಿದೆ. ಲಿವಾನ್ ಜಿಲ್ಲೆಯ ಹುವಾಲಿನ್ ದೇವಾಲಯವಿರುವ ಜಾಗದಲ್ಲೇ ದಕ್ಷಿಣ ಭಾರತದಿಂದ ಹಡಗಿನಲ್ಲಿ ಬಂದ ಬೋಧಿಧರ್ಮ ಮೊದಲು ಕಾಲಿಟ್ಟ ಎಂಬುದು ಅಲ್ಲಿನವರ ನಂಬಿಕೆ. ನನ್ನನ್ನು ಹೆಚ್ಚು ಹಿಡಿದದ್ದು ಇನ್ನೊಬ್ಬನ ಕಥೆ. ಉಜ್ಜಯಿನಿಯ ಪರಮಾರ್ಥ ಎಂಬ ಭಿಕ್ಷು ಗ್ರಂಥಗಳ ಕಟ್ಟು ಹೊತ್ತು 546ರಲ್ಲಿ ಈ ಬಂದರಿಗೆ ಬಂದ. ಲಿಯಾಂಗ್ ಚಕ್ರವರ್ತಿಯ ರಾಜಧಾನಿಗೆ ಹೋದ ಕೆಲವೇ ದಿನಗಳಲ್ಲಿ ಅಲ್ಲಿ ದಂಗೆಯೆದ್ದಿತು. ಊರಿಂದೂರಿಗೆ ಅಲೆಯುತ್ತ, ಆಸರೆ ಸಿಕ್ಕಲ್ಲಿ ಅನುವಾದ ಮಾಡುತ್ತ ಹದಿನಾರು ವರ್ಷ ಕಳೆದ. ಸಾಕಾಯಿತು, ಮನೆಗೆ ಹೋಗುತ್ತೇನೆ ಎಂದು 562ರಲ್ಲಿ ಹಡಗು ಹತ್ತಿದ. ಗಾಳಿ ತಿರುಗಿ, ಹಡಗು ಅವನನ್ನು ಮತ್ತೆ ಗುವಾಂಗ್‌ಝೌ ದಡಕ್ಕೇ ತಂದು ಬಿಟ್ಟಿತು. ಇದೇ ನನ್ನ ಪಾಲಿಗೆ ಬಂದದ್ದು ಎಂದು ಒಪ್ಪಿಕೊಂಡು, ವಸುಬಂಧುವಿನ 'ಅಭಿಧರ್ಮಕೋಶ'ವನ್ನೂ ಅಸಂಗನ 'ಮಹಾಯಾನಸಂಗ್ರಹ'ವನ್ನೂ ಅಲ್ಲಿಯೇ ಚೀನೀ ಭಾಷೆಗೆ ತಂದ. 569ರಲ್ಲಿ ಅಲ್ಲಿಯೇ ತೀರಿಕೊಂಡ. ಅವನು ಕೆಲಸ ಮಾಡಿದ ಮಠವೇ ಇಂದಿನ ಗುವಾಂಗ್‌ಶಿಯಾವ್ ದೇವಾಲಯ. ವಿಮಾನ ನಿಂತ ಆ ವರ್ಷಗಳಲ್ಲಿ ನಾನು ಅಲ್ಲಿನ ಬೋಧಿವೃಕ್ಷದ ಕಟ್ಟೆಯ ಬಳಿ ಬಹಳ ಹೊತ್ತು ಕೂರುತ್ತಿದ್ದೆ. ಮನೆಗೆ ಹೋಗಲಾಗದೆ ಆ ಊರಿನಲ್ಲಿ ಉಳಿದವರಲ್ಲಿ ನಾನು ಮೊದಲನೆಯವಳಲ್ಲ ಎಂಬುದೇ ನನಗೆ ಆಗ ಬೇಕಾಗಿದ್ದ ಸಮಾಧಾನ.

ಐರೋಪ್ಯರ ಕಾಲದ ಕಟ್ಟುಪಾಡುಗಳು ಇನ್ನೂ ಬಿಗಿ. 1757ರಿಂದ 1842ರವರೆಗೆ ಪಶ್ಚಿಮದ ಹಡಗುಗಳಿಗೆ ಚೀನಾದಲ್ಲಿ ತೆರೆದಿದ್ದ ಬಂದರು ಇದೊಂದೇ. ವರ್ತಕರು ನದಿ ದಡದ 'ಹದಿಮೂರು ಕೋಠಿ'ಗಳ ಪಟ್ಟಿಯೊಳಗೇ ಇರಬೇಕು. ಕೋಟೆಯೊಳಗಿನ ಊರಿಗೆ ಕಾಲಿಡುವಂತಿಲ್ಲ. ವ್ಯಾಪಾರದ ಹಂಗಾಮು ಮುಗಿದರೆ ಮಕಾವ್‌ಗೆ ಹೊರಡಬೇಕು. ಅವರಿಗೆ ಚೀನೀ ಕಲಿಸುವುದೂ ಅಪರಾಧ. ಹೆಂಗಸರನ್ನು ತರುವಂತಿಲ್ಲ. ಅಮೆರಿಕದ ಹ್ಯಾರಿಯೆಟ್ ಲೋ ಎಂಬ ತರುಣಿ 1830ರಲ್ಲಿ ಚಿಕ್ಕಮ್ಮನ ಜೊತೆ ಗುಟ್ಟಾಗಿ ಬಂದಿಳಿದಾಗ, ಇವರು ಹೊರಡದಿದ್ದರೆ ವ್ಯಾಪಾರ ನಿಲ್ಲಿಸುತ್ತೇವೆಂದು ಅಧಿಕಾರಿಗಳು ಬೆದರಿಸಿದರು. ಅದೇ ಕೋಠಿಗಳ ನಡುವೆ ಮುಂಬಯಿಯ ಪಾರ್ಸಿಗಳೂ ಇದ್ದರು. ಹತ್ತಿ ತಂದರು, ಅಫೀಮನ್ನೂ ತಂದರು. ಆ ಅಫೀಮು ಮಾಡಿದ ಹಾನಿಯನ್ನು ಚೀನಾದ ಶಾಲೆಯ ಮಕ್ಕಳು ಇಂದಿಗೂ ಓದುತ್ತಾರೆ. ಊರಿಗೆ ಮರಳದೆ ತೀರಿಹೋದ ಪಾರ್ಸಿಗಳ ಗೋರಿಗಳು ಹುವಾಂಗ್‌ಪುವಿನ ಚಾಂಗ್‌ಝೌ ನಡುಗಡ್ಡೆಯ ಗುಡ್ಡದ ಮೇಲಿವೆ. ಕೋಠಿಗಳು 1856ರಲ್ಲಿ ಬೆಂಕಿಗೆ ಆಹುತಿಯಾದವು, ಆ ಜಾಗದಲ್ಲಿ ಈಗ ಸಾರ್ವಜನಿಕ ಉದ್ಯಾನವೂ ವಸ್ತುಸಂಗ್ರಹಾಲಯವೂ ಇವೆ.

ಇದನ್ನೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಗುವಾಂಗ್‌ಝೌಗೆ ಹೊರಗಿನವರನ್ನು ಇಟ್ಟುಕೊಳ್ಳುವುದು ಚೆನ್ನಾಗಿ ಗೊತ್ತು. ಕರೆಯುತ್ತದೆ, ವ್ಯಾಪಾರ ಮಾಡುತ್ತದೆ, ಅನುಕೂಲ ಮಾಡಿಕೊಡುತ್ತದೆ, ಅವಧಿ ಮುಗಿದಾಗ ಲೆಕ್ಕ ಕೇಳುತ್ತದೆ. ತನ್ನವರನ್ನಾಗಿ ಮಾಡಿಕೊಳ್ಳುವ ದಾರಿ ಬಲು ಕಿರಿದು. ಕಾಯಂ ವಾಸದ ಕಾರ್ಡೊಂದಿದೆ. 2023ರ ಡಿಸೆಂಬರಿನಲ್ಲಿ ಬಂದ ಅದರ ಹೊಸ ರೂಪದಲ್ಲಿ ಚೀನೀಯರ ಗುರುತಿನ ಚೀಟಿಯಂತೆಯೇ 18 ಅಂಕಿಗಳಿವೆ, ಹಾಗಾಗಿ ರೈಲು ನಿಲ್ದಾಣದ, ಆಸ್ಪತ್ರೆಯ ಯಂತ್ರಗಳು ಅದನ್ನು ಗುರುತಿಸುತ್ತವೆ. ನನ್ನಂಥ ನೌಕರಸ್ಥರಿಗೆ ಅದು ಎಟುಕುವುದಿಲ್ಲ. ಹದಿನೈದು ವರ್ಷ ಇದ್ದವರೂ ವರ್ಷ ವರ್ಷ ಪರವಾನಗಿ ನವೀಕರಿಸುತ್ತಾರೆ, ನೌಕರಿ ಹೋದರೆ ಊರೇ ಹೋಗುತ್ತದೆ.

ಈ ವ್ಯವಸ್ಥೆಯ ಏಟು ಎಲ್ಲಕ್ಕಿಂತ ಜೋರಾಗಿ ಬಿದ್ದದ್ದು ಆಫ್ರಿಕಾದವರ ಮೇಲೆ. ರೈಲು ನಿಲ್ದಾಣದಿಂದ ದೂರವಿಲ್ಲದ ಶಿಯಾವ್‌ಬೈ ಪ್ರದೇಶ 2000ದ ದಶಕದಿಂದ ಆಫ್ರಿಕಾದ ವರ್ತಕರ ನೆಲೆ. ನೈಜೀರಿಯ, ಮಾಲಿ, ಗಿನಿ, ಕಾಂಗೋಗಳಿಂದ ಬಂದವರು ಬಟ್ಟೆ, ಚಪ್ಪಲಿ, ಫೋನು, ಟೈಲ್ಸ್‌ಗಳನ್ನು ಕಂಟೇನರುಗಟ್ಟಲೆ ಕೊಂಡು ಸಾಗಿಸುತ್ತಿದ್ದರು. ಅಂಗಡಿಯವರಿಗೆ ಇವರಿಂದ ಅನ್ನ. ಜೀನ್ಸ್ ಕೊಳ್ಳುವ ಮಾಲಿಯ ಹೆಂಗಸೊಬ್ಬರಿಂದ ನಾನು ಚೌಕಾಸಿ ಕಲಿತೆ. ಕ್ಯಾಲ್ಕುಲೇಟರನ್ನು ಲೌಬಾನ್‌ನ ಕೈಗೆ ಮರಳಿ ಕೊಡುವ ಮುನ್ನ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಅವರಷ್ಟು ಬಲ್ಲವರನ್ನು ನಾನು ಕಂಡಿಲ್ಲ. ಲೌಬಾನ್ ಅಂದರೆ ಅಂಗಡಿಯ ಯಜಮಾನ, ಅಲ್ಲಿ ಎಲ್ಲ ದೇಶದವರೂ ಆಡುವ ಮಾತು. 2020ರ ಏಪ್ರಿಲ್‌ನಲ್ಲಿ ಕೊರೊನಾದ ಭಯ ಹೊರದೇಶದವರತ್ತ ತಿರುಗಿದಾಗ, ಆಫ್ರಿಕಾದವರನ್ನು ಮನೆಗಳಿಂದ ಹೊರಹಾಕಿದರು, ಹೋಟೆಲುಗಳು ಬಾಗಿಲು ಹಾಕಿದವು, ಪ್ರಯಾಣವನ್ನೇ ಮಾಡದವರಿಗೂ ಬಲವಂತದ ಕ್ವಾರಂಟೀನ್ ಆಯಿತು. ಬಾಡಿಗೆ ಕಟ್ಟಿದ ರಸೀದಿ ಕೈಯಲ್ಲಿ ಹಿಡಿದು ಜನ ಫುಟ್‌ಪಾತಿನಲ್ಲಿ ಮಲಗಿದರು. ಆಫ್ರಿಕಾ ದೇಶಗಳ ರಾಯಭಾರಿಗಳು ಸೇರಿ ಬೀಜಿಂಗ್‌ಗೆ ಪ್ರತಿಭಟನೆಯ ಪತ್ರ ಬರೆದ ಮೇಲೆ ತಾರತಮ್ಯ ಮಾಡಬಾರದೆಂಬ ಸೂಚನೆಗಳು ಹೊರಟವು. ಬಹಳ ಮಂದಿ ಅಷ್ಟರಲ್ಲಿ ಹೊರಟುಹೋಗಿದ್ದರು. ಆ ಮಾಲಿಯ ಹೆಂಗಸು ಮರಳಿ ಬರಲಿಲ್ಲ. ನನ್ನ ಮೈಬಣ್ಣ ಅವರದಕ್ಕಿಂತ ಒಂದೆರಡು ಛಾಯೆ ತಿಳಿಯಾಗಿದ್ದ ಮಾತ್ರಕ್ಕೆ ನನ್ನ ಬಾಗಿಲನ್ನು ಯಾರೂ ಬಡಿಯಲಿಲ್ಲ ಎಂಬುದನ್ನು ನಾನು ಮರೆಯಲಾರೆ.

ಕಾಗದಪತ್ರ ಕೈಬಿಟ್ಟಲ್ಲಿ ಅಕ್ಕಪಕ್ಕದವರು ಕೈ ಹಿಡಿಯುತ್ತಾರೆ. ನಮ್ಮ ಮಹಡಿಯ ಎದುರು ಮನೆಯ ಅಜ್ಜಿಯನ್ನು ಎಲ್ಲರಂತೆ ನಾನೂ ಆಪೋ ಎಂದೇ ಕರೆಯುತ್ತೇನೆ. ವಸಂತದ ಶುರುವಿನಲ್ಲಿ ಅಲ್ಲಿ ಗೋಡೆ, ನೆಲ, ಕನ್ನಡಿ ಎಲ್ಲ ಬೆವರುತ್ತವೆ. ಸಮುದ್ರದಿಂದ ಬಂದ ತೇವದ ಬಿಸಿ ಗಾಳಿ ತಣ್ಣನೆಯ ಗೋಡೆಗೆ ತಗಲಿ ನೀರಾಗಿ ಇಳಿಯುತ್ತದೆ, ಒಣಹಾಕಿದ ಬಟ್ಟೆ ವಾರವಾದರೂ ಒಣಗದು, ಚರ್ಮದ ಚಪ್ಪಲಿಗೆ ಬೂಷ್ಟು. ನಾನು ಗಾಳಿಯಾಡಲೆಂದು ಕಿಟಕಿ ತೆಗೆದಿಟ್ಟದ್ದನ್ನು ಕಂಡ ಆಪೋ ಒಳಗೆ ಬಂದು ಒಂದೊಂದನ್ನೂ ತಾವೇ ಮುಚ್ಚಿದರು, ಬಳ್ಳಾರಿಯ ಒಣ ಬಿಸಿಲಿನವಳಿಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಅದೇ ದಿನಗಳಲ್ಲಿ ಊರ ತುಂಬ ಕೆಂಪು ಬೂರುಗ ಅರಳುತ್ತದೆ. ನಮ್ಮ ಕಾಡಂಚಿನಲ್ಲಿರುವ ಅದೇ ಮರ. ಗುವಾಂಗ್‌ಝೌ ಅದನ್ನು ತನ್ನ ನಗರಪುಷ್ಪ ಮಾಡಿಕೊಂಡಿದೆ. ಉದುರಿದ ಹೂಗಳನ್ನು ಆಪೋನಂಥವರು ಚೀಲದಲ್ಲಿ ಆರಿಸಿ, ದಾರಕ್ಕೆ ಪೋಣಿಸಿ ಒಣಗಿಸಿ, ಮೈಯ ತೇವ ತೆಗೆಯಲೆಂದು ಸಾರು ಕಾಯಿಸುತ್ತಾರೆ. ನನ್ನ ಪಾಲಿನದರಲ್ಲಿ ಮೂಳೆ ಹಾಕದೆ ಬೇರೆ ಗಡಿಗೆಯಲ್ಲಿ ಕಾಯಿಸಿ ತಂದುಕೊಡುತ್ತಾರೆ.

2022ರ ನವೆಂಬರಿನಲ್ಲಿ ಕೊರೊನಾ ತಡೆಯಲೆಂದು ಹೈಝು ಜಿಲ್ಲೆಯನ್ನೇ ಮುಚ್ಚಿದಾಗ ಕಟ್ಟಡಕ್ಕೆ ಹಂಚಿದ ದಿನಸಿಯಲ್ಲಿ ಹಂದಿಮಾಂಸವೂ ಇರುತ್ತಿತ್ತು. ನಾನು ಕೇಳುವ ಮೊದಲೇ ಆಪೋ ಅದನ್ನು ತಾವು ಇಟ್ಟುಕೊಂಡು ತಮ್ಮ ಸೊಪ್ಪು, ತೋಫು ನನ್ನ ಬಾಗಿಲಲ್ಲಿಟ್ಟರು. ಅದೇ ವಾರಗಳಲ್ಲಿ ನಮ್ಮಿಂದ ನಡೆದುಹೋಗುವಷ್ಟು ದೂರದ ಕಾಂಗ್‌ಲ ಹಳ್ಳಿಯಲ್ಲಿ ಜನ ತಡೆಬೇಲಿ ಕಿತ್ತು ಬೀದಿಗೆ ಇಳಿದರು. ಕಾಂಗ್‌ಲ ಹೆಸರಿಗೆ ಹಳ್ಳಿ, ಊರು ಬೆಳೆದು ಅದನ್ನು ನುಂಗಿದೆ. ಕೈಚಾಚಿದರೆ ಎದುರು ಮನೆಯ ಕಿಟಕಿ ಮುಟ್ಟುವಷ್ಟು ಇಕ್ಕಟ್ಟಾದ ಕಟ್ಟಡಗಳಲ್ಲಿ ಝೋಂಗ್‌ಡಾ ಮಾರುಕಟ್ಟೆಯ ಬಟ್ಟೆ ಹೊಲಿಯುವ ಸಾವಿರಾರು ಸಣ್ಣ ಕಾರ್ಖಾನೆಗಳು. ಹೊಲಿಯುವವರು ಹೆಚ್ಚಾಗಿ ಹುಬೈ ಪ್ರಾಂತ್ಯದವರು. ಮುಂಜಾನೆ ಮಾಲೀಕರು ಅಂದಿನ ಮಾದರಿ ಬಟ್ಟೆಯನ್ನು ಕೈಯಲ್ಲಿ ಎತ್ತಿ ಹಿಡಿದು ರಸ್ತೆಯ ಅಂಚಿಗೆ ಸಾಲಾಗಿ ನಿಂತಿರುತ್ತಾರೆ. ದರ್ಜಿಗಳು ಹೊಲಿಗೆ ಮುಟ್ಟಿ ನೋಡಿ, ಪೀಸಿಗೆ ಎಷ್ಟು ಎಂದು ಕೇಳಿ, ಒಪ್ಪಿದರೆ ಹಿಂದೆ ಹೋಗುತ್ತಾರೆ. ನಮ್ಮ ಸ್ಯಾಂಪಲ್‌ಗಳನ್ನು ಹೊಲಿದುಕೊಡುವ ಹುಬೈನ ಹೆಂಗಸೊಬ್ಬಳನ್ನು ನಾನು ಅಕ್ಕ ಎನ್ನುತ್ತೇನೆ. ಅವಳು ಈ ಊರಿಗೆ ಬಂದದ್ದು ನನಗಿಂತ ಬಹಳ ಮೊದಲು. ಆದರೂ ಅವಳ ಹುಕೌ, ಅಂದರೆ ಕುಟುಂಬದ ನೋಂದಣಿ, ಹಳ್ಳಿಯಲ್ಲಿದೆ. ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಮಗನಿಗೆ ಸುಲಭವಾಗಿ ಜಾಗ ಸಿಗದು, ಹಾಗಾಗಿ ಅವನು ಅಜ್ಜ ಅಜ್ಜಿಯರ ಬಳಿ ಬೆಳೆಯುತ್ತಿದ್ದಾನೆ. "ನೀನು ಹೊರದೇಶದವಳು, ನಾನು ಹೊರ ಊರಿನವಳು" ಎಂದು ಅವಳು ಒಮ್ಮೆ ಬಾಬಿನ್ ಬದಲಿಸುತ್ತ ಹೇಳಿದಳು. ಚೀನಾದ ಹೊಸ ವರ್ಷಕ್ಕೆ ಇಂಥವರೆಲ್ಲ ಹಳ್ಳಿಗೆ ಹೊರಟಾಗ ಕಾಂಗ್‌ಲದ ಅಂಗಡಿಗಳಿಗೆ ಬೀಗ ಬೀಳುತ್ತದೆ. ಆ ದಿನಗಳಲ್ಲಿ ಅಲ್ಲಿ ಉಳಿಯುವವರು ಆಪೋನಂಥ ಮೂಲ ನಿವಾಸಿಗಳು ಮತ್ತು ನನ್ನಂಥವರು.

ಈಗ ಆ ಹೊಲಿಗೆ ಕಾರ್ಖಾನೆಗಳನ್ನು ಉತ್ತರದ ಚಿಂಗ್‌ಯುವಾನ್‌ಗೆ ಸಾಗಿಸುವ ಕೆಲಸ ನಡೆದಿದೆ, ಕಾಂಗ್‌ಲವನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಯಿದೆ. ಅಕ್ಕ ಇನ್ನೂ ತೀರ್ಮಾನ ಮಾಡಿಲ್ಲ. 2025ರ ಅಕ್ಟೋಬರ್ 26ರಂದು ಕೋಲ್ಕತ್ತಾದಿಂದ ಗುವಾಂಗ್‌ಝೌಗೆ ನೇರ ವಿಮಾನ ಮತ್ತೆ ಶುರುವಾದ ಮೇಲೆ ಬಳ್ಳಾರಿಯ ವ್ಯಾಪಾರಿಗಳ ಫೋನು ಜಾಸ್ತಿಯಾಗಿದೆ. 1957ರಿಂದ ನಡೆದು ಬಂದ ಕ್ಯಾಂಟನ್ ಮೇಳದಲ್ಲಿ ಬಟ್ಟೆಯ ವಿಭಾಗ ಯಾವಾಗ ಎನ್ನುತ್ತಾರೆ. ಏಪ್ರಿಲ್ 15ಕ್ಕೆ, ಅಕ್ಟೋಬರ್ 15ಕ್ಕೆ ಮೇಳ ಶುರು, ಬಟ್ಟೆಗೆ ಮೂರನೆಯ ಹಂತ, ಮೊದಲ ಹಂತಕ್ಕೆ ಬಂದು ಯಂತ್ರಗಳನ್ನು ನೋಡಿ ವಾಪಸಾಗಬೇಡಿ ಎಂದು ಹೇಳುತ್ತೇನೆ.

ಈ ಸಲ ಊರಿಗೆ ಬಂದಾಗ ಅಕ್ಕ ಜೇಬು ಹೊಲಿಯುವ ವಿಡಿಯೋವನ್ನು ನಮ್ಮ ಓಣಿಯ ಹೆಂಗಸರಿಗೆ ತೋರಿಸಿದೆ. ಅವರು ಅವಳ ಕೈಯನ್ನು ನೋಡಿದರು, ಮಷೀನನ್ನು ನೋಡಿದರು, ಕುರ್ಚಿಗೆ ಬೆನ್ನಿನ ಆಸರೆ ಇಲ್ಲದ್ದನ್ನೂ ನೋಡಿದರು. "ಜೇಬಿಗೆ ಎಷ್ಟು ಕೊಡ್ತಾರಂತ ಕೇಳವ್ವಾ. ಮಗನ್ನ ವರ್ಸಕ್ಕ ಎಷ್ಟ್ ಸಲ ನೋಡಾಕ ಹೋಕ್ಕಾಳಂತ ಅದನ್ನೂ ಕೇಳು." ಎರಡನ್ನೂ ಬರೆದುಕೊಂಡು, ಗುವಾಂಗ್‌ಝೌಗೆ ಮರಳಿದ ಮೇಲೆ ಅಕ್ಕನನ್ನು ಕೇಳಿದೆ. ಅಕ್ಕ ಎರಡಕ್ಕೂ ಉತ್ತರ ಕೊಟ್ಟಳು, ಆಮೇಲೆ ಆ ಹೆಂಗಸರು ಮಷೀನು ಎಲ್ಲಿ ಇಟ್ಟುಕೊಂಡಿದ್ದಾರೆ ಎಂದು ಕೇಳಿದಳು. ಮನೆಯಲ್ಲೇ, ಮಕ್ಕಳು ಅಲ್ಲೇ ಪಕ್ಕದಲ್ಲಿ ಕೂತು ಓದಿಕೊಳ್ಳುತ್ತವೆ ಎಂದೆ. ಅಕ್ಕ ಆ ಮನೆಗಳ ಬಾಡಿಗೆ ಎಷ್ಟು, ಅಲ್ಲಿ ಒಂದು ಪ್ಯಾಂಟಿಗೆ ಎಷ್ಟು ಸಿಗುತ್ತದೆ, ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ಒಂದೊಂದಾಗಿ ಕೇಳುತ್ತ, ಸೀಮೆಸುಣ್ಣದಿಂದ ಡೆನಿಮ್ಮಿನ ತುಂಡಿನ ಮೇಲೆ ಲೆಕ್ಕ ಹಾಕತೊಡಗಿದಳು.